ಟವೆಲ್ಲಿನ ಅಡಿಯ ವಿದೇಶಾಂಗ ನೀತಿ

ದೇಶದ ವಿದೇಶಾಂಗ ನೀತಿಯನ್ನು ನನ್ನ ಕೈಗೆ ಕೊಟ್ಟಿದ್ದರೆ ಜಗತ್ತಿನಲ್ಲಿ ಜಗಳವೇ ಇರುತ್ತಿರಲಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ನನ್ನದೊಂದು ಅಡತಿ ಅಂಗಡಿ. ಅಡತಿಯೆಂದರೆ ಬೆಳೆದ ರೈತನಿಗೂ ಕೊಳ್ಳುವ ವ್ಯಾಪಾರಿಗೂ ನಡುವೆ ಕೂತು ಇಬ್ಬರನ್ನೂ ನಗಿಸಿ ಕಳಿಸುವ ಉದ್ಯೋಗ. ರೈತ ಬಂದರೆ, "ಈ ವರ್ಷ ನಿನ್ನ ಹತ್ತಿ ಅಂದ್ರ ಬೆಣ್ಣಿ ನೋಡಪಾ" ಎನ್ನಬೇಕು. ಅವನು ಚಹಾ ಕುಡಿಯಲು ಎದ್ದು ಹೋದಾಗ ವ್ಯಾಪಾರಿಯ ಕಿವಿಯಲ್ಲಿ, "ಬೆಣ್ಣಿ ಏನೋ ಖರೆ, ಆದ್ರ ಕಸಾ ಭಾಳ ಐತ್ರಿ" ಎನ್ನಬೇಕು. ಇಬ್ಬರೂ ಎದುರೆದುರು ಕೂತು ಮಾತಾಡದಂತೆ ನೋಡಿಕೊಂಡರೆ ಆಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ದಲಾಲಿಯೂ ತಪ್ಪುವುದಿಲ್ಲ. ಇಂಥ ಮನುಷ್ಯನನ್ನು ಬಿಟ್ಟು ದಿಲ್ಲಿಯವರು ಬೇರೆ ಯಾರನ್ನೋ ನೇಮಿಸಿದರು!

ನೇಮಕವಾದವರು ಒಬ್ಬ ವಯಸ್ಸಾದ ಪಂಡಿತರು. ವಿದೇಶ ವ್ಯವಹಾರಗಳಿಗೆ ಸರ್ಕಾರದ ಸಲಹೆಗಾರರು. ಅವರು ಹಿಂದೆ ಎಂದೋ ಒಂದು ಪುಸ್ತಕದಲ್ಲಿ, ನೆರೆಯ ದೇಶ ಎಷ್ಟೇ ಕಾಡಿಸಿದರೂ ಮಾತುಕತೆ ನಿಲ್ಲಿಸಬಾರದು, ದೂರದ ದೊಡ್ಡಣ್ಣನನ್ನು ನೆಚ್ಚಿ ಕೂರಬಾರದು ಎಂದು ಬರೆದಿದ್ದರಂತೆ. ಅಷ್ಟೇ! ಟಿವಿಯಲ್ಲಿ ಕೋಟು ತೊಟ್ಟವರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದರು. ಪೇಪರಿನ ತುಂಬ ಅದೇ ಸುದ್ದಿ. ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಂತೂ ಅವರು ಬೇಕು ಎನ್ನುವವರು ಒಳಗಿನ ಬಾಕಿನ ಮೇಲೆ, ಬೇಡ ಎನ್ನುವವರು ಹೊರಗಿನ ಬಾಕಿನ ಮೇಲೆ ಕೂರತೊಡಗಿದರು. ನಾನು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಎರಡೂ ಕಡೆಯವರು ನನ್ನನ್ನು ತಮ್ಮವನೆಂದೇ ತಿಳಿದಿದ್ದರು. ಎರಡೂ ಕಡೆಯಿಂದ ಚಹಾ ಬರುತ್ತಿತ್ತು.

ಇದೇ ವೇಳೆಗೆ ನಮ್ಮ ಮಗಳು ಕವಿತಾಳಿಗೆ ಸವದತ್ತಿಯಿಂದ ಸಂಬಂಧ ಬಂತು. ಹುಡುಗನದು ಔಷಧಿ ಅಂಗಡಿ. ಬಿ.ಎಡ್. ಮುಗಿಸಿದ್ದ ಕವಿತಾ ಅದಕ್ಕೆ ಮೊದಲು ಬಂದವರನ್ನೆಲ್ಲ ಒಂದೊಂದು ಪ್ರಶ್ನೆ ಕೇಳಿ ಊರಿಗೆ ಕಳಿಸಿದ್ದಳು. ಈ ಹುಡುಗ ಮಾತ್ರ ತಾನೇ ಬಾಯಿಬಿಟ್ಟು, "ಮದುವಿ ಆದ ಮ್ಯಾಲೂ ನೀವು ಸಾಲಿಗೆ ಕಲಿಸಾಕ ಹೋಗಬೇಕು" ಎಂದಿದ್ದ. ಅವಳು ಆ ದಿನವೆಲ್ಲ ಹಾಡು ಗುನುಗುತ್ತ ಓಡಾಡಿದಳು. ಸಂಜೆ ನನ್ನ ಹತ್ತಿರ ಬಂದು ಕೂತಳು.

"ಅಪ್ಪಾ, ಈ ಸಂಬಂಧ ಕೈ ತಪ್ಪಿತು ಅಂದ್ರ ನಾ ಇನ್ನೊಬ್ಬರ ಮುಂದ ಅವಲಕ್ಕಿ ತಾಟು ಹಿಡಕೊಂಡು ಬರೂದಿಲ್ಲ ನೋಡು."

"ಯಾಕ ತಪ್ಪತೈತಿ? ನಿಮ್ಮಪ್ಪ ಅದಾನಲ್ಲ!" ಎಂದೆ.

"ಅದ ಹೆದರಿಕಿ," ಎಂದು ಒಳಗಿನಿಂದ ನನ್ನ ಹೆಂಡತಿ ಶಾಂತವ್ವನ ದನಿ ಬಂತು. "ಏನ್ರಿ, ಉಡಿ ತುಂಬಿ ಸಂಬಂಧ ಪಕ್ಕಾ ಆಗೂತನಕಾ ನೀವು ದಿಲ್ಲಿ ಹೆಸರು ಎತ್ತಬ್ಯಾಡ್ರಿ. ಮಳಿ, ಬೆಳಿ, ಆರೋಗ್ಯ. ಈ ಮೂರು ಬಿಟ್ಟು ಮಾತಾಡಿದ್ರ ಊಟ ಬಂದ್!"

ಒಪ್ಪಿಕೊಂಡೆ. ಆದರೆ ಬೀಗನಾಗುವ ಶಿವಪುತ್ರಪ್ಪನವರು ಮರುವಾರ ಹತ್ತಿ ತಂದು ನನ್ನ ಗಾದಿಯ ಮೇಲೆ ಕೂತಾಗ, ಮಳೆ ಬೆಳೆ ಆರೋಗ್ಯ ಮೂರೂ ಅರ್ಧ ಕಪ್ ಚಹಾದಲ್ಲಿ ಮುಗಿದುಹೋದವು. ಅವರು ಲೋಡಿಗೆ ಒರಗಿ ಪೇಪರ್ ಮಡಚಿದರು.

"ಸಾವುಕಾರ್ರ, ಈ ದಿಲ್ಲಿ ಮುದುಕನ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

ಶಾಂತವ್ವನ ಮುಖ ಕಣ್ಣ ಮುಂದೆ ಬಂತು. ಉಳಿದರ್ಧ ಚಹಾಕ್ಕೆ ಬಾಯಿ ಹಚ್ಚಿದೆ. ಅವರೇ ಮುಂದುವರಿಸಿದರು: "ಮಾತುಕತಿ ಅಂತ, ಮಾತುಕತಿ! ನುಗ್ಗಿ ಹೊಡೀಬೇಕು. ಇಂಥವನ್ನ ಕುರ್ಚಿ ಮ್ಯಾಲ ಕುಂಡರಿಸಿದವರಿಗೆ ಬುದ್ಧಿ ಇಲ್ಲ."

ಸವದತ್ತಿಯಿಂದ ಧಾರವಾಡಕ್ಕೆ ಹೋಗಲೂ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವ ಮನುಷ್ಯ ಅವರು. ಆದರೂ ಗಡಿ ದಾಟುವ ಉತ್ಸಾಹ ಅಷ್ಟಿತ್ತು. ನನ್ನೊಳಗಿನ ಅಡತಿಯವನು ಎದ್ದು ಕೂತ.

"ಬರೊಬ್ಬರಿ ಹೇಳಿದ್ರಿ! ಮೊದಲ ಆ ಮನುಷ್ಯಾನ್ನ ಗಡಿಗೆ ಕಳಸಬೇಕು. ಆಮ್ಯಾಲ ಮಾತುಕತಿ ಮಾಡ್ಲಿ!"

ಶಿವಪುತ್ರಪ್ಪನವರು ನನ್ನ ತೊಡೆ ತಟ್ಟಿದರು. "ಮನಿತನ ಅಂದ್ರ ಹಿಂಗಿರಬೇಕು. ನಮ್ಮ ಮನಿಯಾಕಿ ತಮ್ಮ ಅದಾನ, ರಾಮದುರ್ಗದಾಂವ. ಅವಗೂ ನನಗೂ ಈ ವಿಷಯಕ್ಕ ಮಾತು ನಿಂತಾವ್ರಿ. ಅಂವ ಬಂದ್ರ ನೀವು ಹಿಂಗ ಗಟ್ಟಿಯಾಗಿ ಹೇಳ್ರಿ."

ಹುಡುಗನ ಸೋದರಮಾವ! ಅವನು ತಲೆ ಆಡಿಸದೆ ನಮ್ಮಲ್ಲಿ ಮದುವೆಯ ಅಕ್ಕಿಕಾಳು ಬೀಳುವುದಿಲ್ಲ. ಇದು ನನಗೆ ತಿಳಿದಿತ್ತು. ಆದರೆ ಮಾತು ನಿಂತಿವೆ ಎಂಬುದನ್ನಷ್ಟೇ ಕೇಳಿ, ಅವನ ಪಕ್ಷ ಯಾವುದು ಎಂದು ಯೋಚಿಸುವ ಕಷ್ಟವನ್ನು ನನ್ನ ತಲೆಗೆ ಕೊಡಲಿಲ್ಲ.

ನಾಲ್ಕು ದಿನಕ್ಕೆ ಸೋದರಮಾವ ಬಸಲಿಂಗಪ್ಪನವರೇ ಅಂಗಡಿಗೆ ಬಂದರು. ದೊಡ್ಡ ಮೀಸೆ, ನೆಟ್ಟಗಿನ ಬೆನ್ನು, ಮಿಲಿಟರಿಯಿಂದ ನಿವೃತ್ತರು. ನೋಡಿದ ಕೂಡಲೇ ಲೆಕ್ಕ ಹಾಕಿದೆ. ಮಿಲಿಟರಿಯವರೆಂದ ಮೇಲೆ ಕೇಳುವುದೇನಿದೆ? ಅವರು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಗುಡುಗಿದೆ: "ಬರ್ರಿ, ಕುಂಡ್ರಿ! ನಿಮ್ಮಂಥವರು ಇರಾಗ ದಿಲ್ಲಿಯಾಗ ಆ ಮುದುಕನ್ನ ತಂದು ಕುಂಡರಿಸ್ಯಾರಲ್ರಿ! ನನ್ನ ಕೇಳಿದ್ರ ಮಾತುಕತಿ ಅನ್ನಾವ್ರನ್ನೆಲ್ಲಾ..."

ಮೀಸೆ ಬಿಗಿಯಾಯಿತು. ಚಪ್ಪಲಿ ಮತ್ತೆ ಕಾಲಿಗೆ ಹೋಗತೊಡಗಿತು.

"ಅನ್ನಾವ್ರನ್ನೆಲ್ಲಾ?" ಎಂದರು ಅವರು.

"...ಸನ್ಮಾನ ಮಾಡಬೇಕ್ರಿ!" ಎಂದೆ. "ಹಾರಾ ಹಾಕಿ, ಶಾಲು ಹೊದಿಸಿ!"

ಬಸಲಿಂಗಪ್ಪನವರು ಕೂತರು. "ನಾ ಗಡಿ ಮ್ಯಾಲ ನಿಂತು ಬಂದಾಂವ ಸಾವುಕಾರ್ರ," ಎಂದರು. "ಸತ್ತ ದೋಸ್ತನ್ನ ಹೊತಗೊಂಡು ಇಳಿದೇನಿ. ನಮ್ಮ ಭಾವ ಇಲ್ಲಿ ಚಹಾ ಕುಡದು ‘ಹೊಡೀರಿ’ ಅಂತಾನ. ಮಾತಾಡೂದು ಅಂಜುಬುರುಕರ ಕೆಲಸ ಅಲ್ರಿ."

ಈ ಮಾತು ನನಗೆ ನಿಜಕ್ಕೂ ತಟ್ಟಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಒಳ್ಳೆಯ ಮನುಷ್ಯನಾಗಿಯೇ ಉಳಿಯುತ್ತಿದ್ದೆ. ಆದರೆ ತಟ್ಟಿದ ಮಾತನ್ನು ತಟ್ಟಿದಷ್ಟಕ್ಕೇ ಬಿಡುವುದು ಅಡತಿಯವನ ಜಾಯಮಾನವಲ್ಲ. "ನಿಮ್ಮ ಭಾವ ಬಂದ್ರ ನಾ ಮುಖಕ್ಕ ಹೊಡದಂಗ ಹೇಳತೇನಿ" ಎಂದುಬಿಟ್ಟೆ.

ಮನೆಗೆ ಬಂದು, ಇಬ್ಬರೂ ಖುಷಿಯಾಗಿ ಹೋದರೆಂದು ಶಾಂತವ್ವನಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟಳು.

"ಇಬ್ಬರೂ ಅಂದ್ರ? ಇಬ್ಬರಿಗೂ ಮಾತ ಇಲ್ಲ ಅಂತೀರಿ, ಇಬ್ಬರೂ ಹೆಂಗ ಖುಷಿ ಆದ್ರು?"

"ಅದ ನೋಡು ನನ್ನ ಚಾಲಾಕಿ!"

"ಉಡಿ ತುಂಬಾಕ ಇಬ್ಬರೂ ಒಂದ ಜೀಪಿನ್ಯಾಗ ಬರ್ತಾರ್ರಿ."

ಇದನ್ನು ನಾನು ಯೋಚಿಸಿರಲಿಲ್ಲ. ಹತ್ತಿ ವ್ಯಾಪಾರದಲ್ಲಿ ಇಬ್ಬರೂ ಒಂದೇ ಜೀಪಿನಲ್ಲಿ ಬರುವುದಿಲ್ಲ.

ಆ ದಿನ ಬಂದೇ ಬಂತು. ಒಳಗೆ ಹೆಂಗಸರು ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಜಂಪರ್ ತುಂಡು ಹೊಂದಿಸುತ್ತಿದ್ದರು. ಕವಿತಾ ಹಸಿರು ಸೀರೆ ಉಟ್ಟಿದ್ದಳು. ಹೊರಗೆ ಪಡಸಾಲೆಯ ಜಮಖಾನೆಯ ಮೇಲೆ ನನ್ನ ಬಲಕ್ಕೆ ಶಿವಪುತ್ರಪ್ಪನವರು, ಎಡಕ್ಕೆ ಬಸಲಿಂಗಪ್ಪನವರು. ಅತ್ತ ದರಿ, ಇತ್ತ ಪುಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಮಳೆ ಎಂದೆ. ಬೆಳೆ ಎಂದೆ. ಆರೋಗ್ಯ ಎನ್ನುವಷ್ಟರಲ್ಲಿ ಶಿವಪುತ್ರಪ್ಪನವರು ಗಂಟಲು ಸರಿಪಡಿಸಿಕೊಂಡರು.

"ಬೀಗರ, ಅವತ್ತು ಅಂಗಡ್ಯಾಗ ಹೇಳಿದ ಮಾತು ಇವತ್ತು ಇವನ ಮುಂದ ಹೇಳಿಬಿಡ್ರಿ."

"ಹೇಳ್ರಿ, ಹೇಳ್ರಿ," ಎಂದರು ಬಸಲಿಂಗಪ್ಪನವರು, ಮೀಸೆಯ ಅಡಿಯಲ್ಲಿ ನಗುತ್ತ. "ನಾನೂ ಅದಕ್ಕ ಬಂದೇನಿ."

ಆಗ ಹೊಳೆಯಿತು ನೋಡಿ, ನಮ್ಮ ಕಸುಬಿನ ಬ್ರಹ್ಮಾಸ್ತ್ರ! ದನದ ಪೇಟೆಯಲ್ಲಿ ಎತ್ತಿನ ದರ ಯಾರೂ ಬಾಯಲ್ಲಿ ಹೇಳುವುದಿಲ್ಲ. ದಲಾಲ ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳಿನಲ್ಲೇ ವ್ಯವಹಾರ ಮುಗಿಸುತ್ತಾನೆ. ಅಂಗೈ ಗಟ್ಟಿಯಾಗಿ ಒತ್ತಿದರೆ ಮಾತು ಪಕ್ಕಾ. ಎತ್ತು ಕೊಂಡ ಪ್ರತಿಯೊಬ್ಬನಿಗೂ ಇದು ಗೊತ್ತು. ನಾನು ಹೆಗಲ ಮೇಲಿನ ದೊಡ್ಡ ಟವೆಲ್ಲನ್ನು ಮೈ ಬೆವರುತ್ತಿದೆಯೆಂಬ ನೆಪದಲ್ಲಿ ತೆಗೆದು ತೊಡೆಗಳ ಮೇಲೆ ಅಗಲವಾಗಿ ಹರಡಿದೆ. ಬಲಗೈಯಲ್ಲಿ ಶಿವಪುತ್ರಪ್ಪನವರ ಕೈ ಹಿಡಿದು ಒತ್ತಿದೆ. ಎಡಗೈಯಲ್ಲಿ ಬಸಲಿಂಗಪ್ಪನವರ ಕೈ ಹಿಡಿದು ಒತ್ತಿದೆ. ಬಾಯಲ್ಲಿ ಮಾತ್ರ, "ಸತ್ಯ ಯಾವತ್ತಿದ್ರೂ ಸತ್ಯಾನ ಅಲ್ರಿ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟೆ.

ಬಲಗಡೆಯ ಮುಖ ಅರಳಿತು. ಎಡಗಡೆಯ ಮುಖವೂ ಅರಳಿತು. ಇಬ್ಬರೂ ನನ್ನ ಕೈಯನ್ನು ತಿರುಗಿ ಒತ್ತಿದರು. ಎಲೈ ದಿಲ್ಲಿಯೇ, ನೋಡು ಎಂದುಕೊಂಡೆ. ಇದಕ್ಕೆ ಎನ್ನುತ್ತಾರೆ ವಿದೇಶಾಂಗ ನೀತಿ!

ಅಷ್ಟರಲ್ಲಿ ಚಹಾ ಬಂತು. ಖುಷಿಯಲ್ಲಿದ್ದ ಬಸಲಿಂಗಪ್ಪನವರು, ಬಲಗೈ ನನ್ನ ವಶದಲ್ಲಿದ್ದ ಕಾರಣ ಎಡಗೈಯಿಂದ ಕಪ್ಪು-ಬಸಿ ಎತ್ತಿಕೊಂಡರು. ಬಸಿ ವಾಲಿತು. ಚಹಾ ಜಮಖಾನೆಯ ಮೇಲೆ ಹರಿಯಿತು.

"ಅಯ್ಯ, ಹೊಸಾ ಜಮಖಾನಿ!" ಎಂದು ಶಾಂತವ್ವ ಬಾಗಿದವಳೇ ಕೈಗೆ ಸಿಕ್ಕ ಬಟ್ಟೆಯನ್ನು ಎಳೆದಳು.

ಕೈಗೆ ಸಿಕ್ಕದ್ದು ಟವೆಲ್ಲು!

ಪಡಸಾಲೆಯ ನಡುವೆ ಮೂವರು ಗಂಡಸರು ಕೈ ಕೈ ಹಿಡಿದುಕೊಂಡು, ಮೊದಲ ದಿನ ಶಾಲೆಗೆ ಹೊರಟ ಹುಡುಗರಂತೆ ಕೂತಿದ್ದೆವು. ಶಿವಪುತ್ರಪ್ಪನವರು ನನ್ನ ಬಲಗೈ ನೋಡಿದರು. ಆಮೇಲೆ ಎಡಗೈ ನೋಡಿದರು. ಬಸಲಿಂಗಪ್ಪನವರೂ ಅದೇ ಕ್ರಮದಲ್ಲಿ ಪರಿಶೀಲಿಸಿದರು. ನಾನು ಕೈ ಬಿಡಲು ಮರೆತು ಇನ್ನೊಮ್ಮೆ ಇಬ್ಬರನ್ನೂ ಒತ್ತಿದೆ.

"ಇವರು ನಿನಗೂ ಮಾತು ಕೊಟ್ಟಾರೇನೋ ಬಸು?" ಎಂದರು ಶಿವಪುತ್ರಪ್ಪನವರು.

"ಹೌದಲ್ಲೋ ಭಾವಾ! ನಿನಗೂ ಕೊಟ್ಟಾರ?"

ನಿಂತಿದ್ದ ಮಾತುಕತೆ ಹೀಗೆ ಪುನಃ ಆರಂಭವಾಯಿತು. ದಿಲ್ಲಿಯ ಪಂಡಿತರು ಬಯಸಿದ್ದೂ ಇದನ್ನೇ. ಆದರೆ ಇಬ್ಬರೂ ಸೇರಿ ಮಾತಾಡಿದ್ದು ನನ್ನ ವಿಷಯ. ಅಂಗಡಿಯಲ್ಲಿ ಹೇಳಿದ್ದನ್ನೆಲ್ಲ ಒಬ್ಬರಿಗೊಬ್ಬರು ಒಪ್ಪಿಸಿದರು. ಗಡಿಗೆ ಕಳಿಸುವ ಮಾತು ಬಂತು, ಸನ್ಮಾನದ ಶಾಲೂ ಬಂತು. ಕೊನೆಗೆ ಶಿವಪುತ್ರಪ್ಪನವರು ಎದ್ದು ನಿಂತರು.

"ಅಪ್ಪನ ಮಾತ ಹಿಂಗಿದ್ದ ಮನಿ ಹೆಣ್ಣು ಹೆಂಗ ತರೂದ್ರಿ?"

ಬಾಗಿಲಲ್ಲಿ ಹಸಿರು ಸೀರೆ ಕಾಣಿಸಿತು. ಕವಿತಾಳ ಕಣ್ಣು ತುಂಬಿತ್ತು. ಅದನ್ನು ನೋಡಿ, ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ದಲಾಲಿ ಕೇಳದೆ ಹೋಗುತ್ತಿದ್ದೆ.

"ನಿಮ್ಮಪ್ಪಂದು ತಿಳೀತು. ನೀ ಹೇಳವಾ," ಎಂದರು ಬಸಲಿಂಗಪ್ಪನವರು. "ದಿಲ್ಲಿ ಪಂಡಿತರು ಹೇಳಿದ್ದು ಖರೇನೋ, ಸುಳ್ಳೋ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಕಾರ, ಅವರು ಬರದ ಪುಸ್ತಕಾ ನಾ ಓದಿಲ್ರಿ. ಓದದ ಹೆಂಗ ಹೇಳ್ಲಿ? ನೀವು ಓದೀರೇನ್ರಿ?"

ಬಸಲಿಂಗಪ್ಪನವರು ಶಿವಪುತ್ರಪ್ಪನವರನ್ನು ನೋಡಿದರು. ಶಿವಪುತ್ರಪ್ಪನವರು ಜಮಖಾನೆಯ ಮೇಲಿನ ಚಹಾದ ಕಲೆ ನೋಡಿದರು. ಒಳಗಿನಿಂದ ಹುಡುಗನ ತಾಯಿ, "ಓದಲಾರದ ಎರಡೂ ಮನಿ ಕೆಡಿಸಿದ್ರಲ್ಲ, ನಿಮ್ಮ ಬಾಯಿಗೆ ಬೆಲ್ಲಾ ಹಾಕಾ!" ಎಂದು ನಕ್ಕರು. ಮೊದಲು ಮಿಲಿಟರಿ ಮೀಸೆ ಅಲುಗಿತು. ಆಮೇಲೆ ಪಡಸಾಲೆಯೆಲ್ಲ ನಕ್ಕಿತು.

"ಹುಡುಗಿ ಚೊಲೋ ಅದಾಳ ಭಾವಾ, ಬಿಡಬ್ಯಾಡ," ಎಂದರು ಬಸಲಿಂಗಪ್ಪನವರು. "ಆದ್ರ ಒಂದು ಕರಾರು. ಇನ್ನ ಮುಂದ ಮದುವಿ ಮಾತುಕತಿ ಎಲ್ಲಾ ಶಾಂತವ್ವಾರ ಜೋಡಿ. ಇವರು ಬ್ಯಾಡ."

"ಬ್ಯಾಡ," ಎಂದರು ಶಿವಪುತ್ರಪ್ಪನವರು. ಆ ವರ್ಷ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಉಡಿ ತುಂಬಿತು. ನಮ್ಮ ಮನೆಯ ವಿದೇಶ ವ್ಯವಹಾರಕ್ಕೆ ಶಾಂತವ್ವ ಸರ್ವಾನುಮತದಿಂದ ನೇಮಕವಾದಳು. ನೇಮಕದ ಬಗ್ಗೆ ಎಲ್ಲೂ ವಿವಾದವಾಗಲಿಲ್ಲ. ಅತ್ತ ದಿಲ್ಲಿಯಲ್ಲಿ ದೇಶವೆಲ್ಲ ಬೈದರೂ ಆ ಪಂಡಿತರ ಕುರ್ಚಿ ಉಳಿಯಿತು. ಹೋದದ್ದು ನನ್ನ ಕುರ್ಚಿ!

ಮದುವೆಯಲ್ಲಿ ನನ್ನನ್ನು ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದರು. ಆ ಕೆಲಸಕ್ಕೆ ಎರಡೂ ಕೈ ಎಲ್ಲರಿಗೂ ಕಾಣುವಂತಿರಬೇಕಾಗುತ್ತದೆ ಎಂಬುದು ಬೀಗರ ವಿವರಣೆ. ಆ ದಿನದ ಫೋಟೋ ಈಗಲೂ ಪಡಸಾಲೆಯಲ್ಲಿದೆ. ಎರಡೂ ಕಡೆಯ ಗಂಡಸರು ರುಮಾಲು ಸುತ್ತಿ, ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ತುದಿಯಲ್ಲಿ ಒಬ್ಬನ ಹೆಗಲು ಮಾತ್ರ ಬೋಳು. ಯಾರಿವರು ಎಂದು ಬಂದವರು ಕೇಳಿದರೆ ಶಾಂತವ್ವ, "ಹುಡುಗಿ ಅಪ್ಪ. ಅವರಿಗೆ ಟವೆಲ್ ಕೊಡೂದಿಲ್ರಿ" ಎನ್ನುತ್ತಾಳೆ.