ಅಳಿಯ ಬದಲಿಸಿದ ಆಯಿಲ್

ಕೆಲವರಿಗೆ ಆಸ್ಪತ್ರೆಯ ಹೆಸರು ಕೇಳಿದರೇ ಜ್ವರ ಬರುತ್ತದೆ, ಕೆಲವರಿಗೆ ಡಾಕ್ಟರ ಮುಖ ನೋಡಿದ ಕೂಡಲೇ ಜ್ವರ ಇಳಿಯುತ್ತದೆ. ನಾನು ಎರಡನೆಯ ಜಾತಿಗೆ ಸೇರಿದವನು. ನನಗೆ ಸಂಬಂಧಿಸಿದ ಯಾವ ವಸ್ತುವಿಗೆ ಏನಾದರೂ, ಅದನ್ನು ಬಲ್ಲವರ ಕೈಗೆ ಒಪ್ಪಿಸಿ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟರೆ ಅರ್ಧ ರಿಪೇರಿ ಆದ ಹಾಗೆ ಎಂಬುದು ನನ್ನ ನಂಬಿಕೆ. ಆದ್ದರಿಂದ ನಮ್ಮ ಕಾರಿನ ಆಯಿಲ್ ಬದಲಿಸುವ ದಿನವೆಂದರೆ ನನಗೊಂದು ಸಣ್ಣ ಹಬ್ಬ. ಮಾದಾಪುರದಿಂದ ಬೆಳಿಗ್ಗೆಯೇ ಹೊರಟು, ಮೈಸೂರಿನ ಸರ್ವಿಸ್ ಸೆಂಟರಿನಲ್ಲಿ ಕಾರನ್ನು ಬಿಟ್ಟು, ಗಾಜಿನ ಗೋಡೆಯ ಈಚೆ ತಣ್ಣಗಿನ ಕೋಣೆಯಲ್ಲಿ ಕೂರುವುದು. ಗೋಡೆಯ ಆಚೆ ನಮ್ಮ ಕಾರು ಮೆಲ್ಲಗೆ ಮೇಲಕ್ಕೆ ಏಳುತ್ತದೆ. ಯೂನಿಫಾರ್ಮ್ ತೊಟ್ಟವರು ಅದರ ಹೊಟ್ಟೆಯ ಕೆಳಗೆ ನಿಂತು ಗಂಭೀರವಾಗಿ ಮಾತಾಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಒಬ್ಬಳು ಹುಡುಗಿ ಬಂದು, "ಸರ್, ಆಯಿಲ್ ತುಂಬಾ ಕಪ್ಪಾಗಿತ್ತು" ಎಂದು ರಕ್ತ ಪರೀಕ್ಷೆಯ ಫಲಿತಾಂಶ ಹೇಳುವ ದನಿಯಲ್ಲಿ ಹೇಳುತ್ತಾಳೆ. ಕ್ಲಾಸಿನಲ್ಲಿ ಹಳಗನ್ನಡ ಪಾಠ ಮಾಡುವ ನನ್ನನ್ನು ಅಷ್ಟು ಗೌರವದಿಂದ 'ಸರ್' ಎನ್ನುವವರು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ.

ಈ ಹಬ್ಬಕ್ಕೆ ಕಲ್ಲು ಹಾಕಿದವಳು ನನ್ನ ಹೆಂಡತಿ ಪೂರ್ಣಿಮಾ. ಅವಳು ಭಾಗಮಂಡಲದ ಕಡೆಯವಳು, ಅರೆಭಾಷೆ ಆಡುವ ಮನೆ. ನಾನು ಶಿರಂಗಾಲದವನು, ನಮ್ಮ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆನಿಂತವರು ನಾವು. 'ಇದೆ' ಎನ್ನುವುದಕ್ಕೆ ಅವರ ಮನೆಯಲ್ಲಿ 'ಉಟ್ಟು' ಎನ್ನುತ್ತಾರೆ, ನಮ್ಮಲ್ಲಿ 'ಐತೆ'. ಮದುವೆಯಾದ ಹೊಸದರಲ್ಲಿ ಅವಳು "ಪಲ್ಯ ಒಲೆ ಮೇಲೆ ಉಟ್ಟು" ಎಂದಾಗ, ಪಲ್ಯ ಒಲೆಯ ಮೇಲೆ ನಿಂತು ಏನನ್ನು ಉಟ್ಟುಕೊಂಡಿದೆ ಎಂದು ಕನ್ನಡ ಮೇಷ್ಟ್ರಾದ ನಾನು ಕ್ಷಣಕಾಲ ಯೋಚಿಸಿದ್ದುಂಟು. ಈಗ ಮನೆಯಲ್ಲಿ ಎರಡೂ ನಡೆಯುತ್ತವೆ. ನನ್ನ ಕನ್ನಡಕ ಮಾತ್ರ ಎರಡು ಭಾಷೆಯಲ್ಲೂ ಸಿಗುವುದಿಲ್ಲ.

ಪೂರ್ಣಿಮಾ ಮನೆಯ ಪಕ್ಕದಲ್ಲೇ ಒಂದು ನರ್ಸರಿ ನಡೆಸುತ್ತಾಳೆ. ಕಾಫಿ ಸಸಿ, ಮೆಣಸಿನ ಬಳ್ಳಿ, ಒಂದಿಷ್ಟು ಹೂವಿನ ಗಿಡ. ಒಂದು ದಿನ ನಾನು ಸರ್ವಿಸ್ ಸೆಂಟರಿಗೆ ಫೋನ್ ಮಾಡುತ್ತಿರುವುದನ್ನು ಕೇಳಿ ಕೈಯ ಮಣ್ಣು ಒರೆಸಿಕೊಳ್ಳುತ್ತಾ ಬಂದಳು.

"ಒಂದು ಬೋಲ್ಟ್ ಬಿಚ್ಚಿ, ಹಳೇ ಎಣ್ಣೆ ಇಳಿಸಿ, ಹೊಸ ಎಣ್ಣೆ ಹಾಕೋದಕ್ಕೆ ಒಂದಿಡೀ ದಿನ ಯಾಕ್ರೀ? ಅಪ್ಪ ಜೀಪಿಂದು ಮನೇಲೇ ಮಾಡ್ತಿದ್ರು. ನಾನೇ ಎಷ್ಟು ಸಲ ಮಾಡಿದ್ದೀನಿ."

"ಅದು ಜೀಪು, ಇದು ಕಾರು. ಇದಕ್ಕೆ ಕಂಪನಿಯವರೇ ಆಗಬೇಕು" ಎಂದೆ.

"ವಾರಂಟಿ ಮುಗೀತಲ್ಲ, ಇನ್ನೇನು? ನೀವು ಹಾಲು ಉಕ್ಕಿದ್ರೂ ಒಲೆ ಕಂಪನಿಯವರಿಗೆ ಫೋನ್ ಮಾಡೋರು."

ಇದು ಅತಿಶಯೋಕ್ತಿ. ಆದರೂ ಮಾತು ನಾಟಿತು. ಅವಳು ಮಾಡಬಲ್ಲಳು ಎಂಬುದಕ್ಕಿಂತ, ನಾನು ಮಾಡಲಾರೆ ಎಂದು ಅವಳು ಲೆಕ್ಕಹಾಕಿಬಿಟ್ಟಿದ್ದಾಳಲ್ಲ ಎಂಬುದು ಹೆಚ್ಚು ನಾಟಿತು. ಅವಳೇ ಸೋಮವಾರಪೇಟೆಯಿಂದ ಆಯಿಲು, ಫಿಲ್ಟರು ತರಿಸಿಟ್ಟಳು. ಬಿಡುವಾದಾಗ ಮಾಡುತ್ತೇನೆ ಎಂದಳು. ಅವಳಿಗೆ ಬಿಡುವಾಗುವ ಮೊದಲೇ ನಾನು ಮಾಡಿ ಮುಗಿಸಬೇಕು ಎಂದು ನಾನು ಅಂದೇ ನಿಶ್ಚಯಿಸಿದೆ.

ಅದಕ್ಕೆ ಅವಕಾಶ ಸಿಕ್ಕಿದ್ದು ಅತ್ತೆಯ ಕಣ್ಣಿನ ಆಪರೇಷನ್ನಿನ ಹಿಂದಿನ ದಿನ. ನಮ್ಮ ಜೊತೆಗೇ ಇರುವ ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎದುರಿಗೆ ನಿಂತವರು ಮಗಳೋ ಬಾಗಿಲೋ ಎಂದು ದನಿಯಿಂದ ತಿಳಿಯಬೇಕು. ಸಕ್ಕರೆ ಇಳಿದರೆ ಮಾತ್ರ ಆಪರೇಷನ್ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಿಂದ, ಪಾಯಸದ ಮೇಲೆ ಅಪಾರ ಪ್ರೀತಿಯಿರುವ ಆ ಹೆಂಗಸು ತಿಂಗಳುಗಟ್ಟಲೆ ರಾಗಿ ಮುದ್ದೆ ತಿಂದು, ಅಂತೂ ಸಕ್ಕರೆ ಇಳಿಸಿ ದಿನ ಗಿಟ್ಟಿಸಿಕೊಂಡಿದ್ದರು. ಇನ್ನೊಂದು ಕಷ್ಟವೆಂದರೆ, ಬಸ್ಸು, ಟ್ಯಾಕ್ಸಿ ಯಾವುದು ಹತ್ತಿದರೂ ನಮ್ಮ ಘಾಟಿಯ ತಿರುವುಗಳಲ್ಲಿ ಅವರಿಗೆ ವಾಂತಿ. ಮಗಳು ಓಡಿಸುವ ಗಾಡಿಯಲ್ಲಿ ಮಾತ್ರ ಏನೂ ಆಗುವುದಿಲ್ಲ. ನಾನು ಓಡಿಸಿದರೆ ಆಗುತ್ತದೆ. ಹೀಗಾಗಿ ಮರುದಿನ ಬೆಳಿಗ್ಗೆ ನಮ್ಮ ಕಾರು, ಪೂರ್ಣಿಮಾಳ ಕೈಯಲ್ಲಿ, ಮೈಸೂರಿಗೆ ಹೋಗಲೇಬೇಕಿತ್ತು.

ಹಿಂದಿನ ದಿನ ಅವಳು ಗಿರಾಕಿಯೊಬ್ಬರ ಪಿಕಪ್ಪಿನಲ್ಲಿ ಮೆಣಸಿನ ಬಳ್ಳಿ ತುಂಬಿಸಿಕೊಂಡು ವಿರಾಜಪೇಟೆಗೆ ಹೋದಳು. ಅತ್ತೆ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಹಳೇ ಪಂಚೆ ಉಟ್ಟು ಅಂಗಳಕ್ಕೆ ಇಳಿದೆ.

ನರ್ಸರಿಯ ಶೆಡ್ಡಿನ ಮುಂದೆ ನೀರು ಹೋಗಲು ಕಟ್ಟಿದ ಒಂದು ಆಳದ ಚರಂಡಿಯಿದೆ. ಎರಡು ಕಡೆಯ ಚಕ್ರ ಎರಡು ದಂಡೆಯ ಮೇಲೆ ಬರುವಂತೆ ಕಾರು ನಿಲ್ಲಿಸಿದರೆ, ಕೆಳಗೆ ಒಬ್ಬ ಮನುಷ್ಯ ಮಲಗಬಹುದು. ಇದು ಪೂರ್ಣಿಮಾ ಮೊದಲೇ ಗುರುತಿಸಿಟ್ಟಿದ್ದ ಜಾಗ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮೊಬೈಲಿನಲ್ಲಿ ಒಬ್ಬ ಉತ್ಸಾಹಿ ತರುಣ ಆಯಿಲ್ ಬದಲಿಸುವ ವಿಡಿಯೋ ಹಾಕಿಕೊಂಡು ಕೆಳಗೆ ನುಸುಳಿದೆ. ಆ ತರುಣನ ಕಾರು ಬೇರೆ, ನಮ್ಮ ಕಾರು ಬೇರೆ ಎಂಬ ವಿಷಯ ನನಗೆ ಅಷ್ಟು ಮುಖ್ಯವೆನಿಸಲಿಲ್ಲ. ಕಾರಿನ ಹೊಟ್ಟೆಯ ಕೆಳಗೆ ಬೋಲ್ಟು ಕಂಡಿತು. ಬಲ ಹಾಕಿ ತಿರುಗಿಸಿದೆ. ಮೊದಲು ಬರಲಿಲ್ಲ, ಆಮೇಲೆ ಬಂತು, ಅದರ ಹಿಂದೆಯೇ ಎಣ್ಣೆಯೂ ಬಂದು ಅರ್ಧ ಬೇಸಿನ್ನಿಗೆ, ಅರ್ಧ ನನ್ನ ತೋಳಿಗೆ ಇಳಿಯಿತು. ನೋಡಿದರೆ ಶುದ್ಧ ಜೇನಿನ ಬಣ್ಣ! ಸರ್ವಿಸ್ ಸೆಂಟರಿನ ಹುಡುಗಿ ಪ್ರತಿ ಸಲವೂ ಕಪ್ಪು ಎನ್ನುತ್ತಿದ್ದಳಲ್ಲ, ಈ ಸಲ ನೋಡು, ನಾನು ಎಷ್ಟು ನಾಜೂಕಾಗಿ ಗಾಡಿ ಓಡಿಸಿದ್ದೇನೆಂದರೆ ಎಣ್ಣೆ ಕೊಳೆಯೇ ಆಗಿಲ್ಲ ಎಂದು ಹೆಮ್ಮೆಪಟ್ಟೆ.

ಅಷ್ಟರಲ್ಲಿ ಜಗಲಿಯಿಂದ ಅತ್ತೆಯ ದನಿ. "ಮಾಷ್ಟ್ರೇ, ಗೇರ್ ಆಯಿಲ್ ವಾಸನೆ ಬರ್ತಾ ಉಟ್ಟಲ್ಲಾ. ಅದನ್ನೂ ಬದಲಿಸ್ತಾ ಇದ್ದೀರಾ?"

ಕಣ್ಣು ಕಾಣದವರಿಗೆ ಮೂಗೂ ಮೋಸ ಮಾಡುತ್ತಿದೆ, ಪಾಪ, ಎಂದುಕೊಂಡೆ. ಇಂಜಿನ್ ಆಯಿಲ್ ಅಷ್ಟೇ ಎಂದು ಹೇಳಿ ಸುಮ್ಮನಿರಬಹುದಿತ್ತು. ಆದರೆ 'ಅದನ್ನೂ' ಎಂದರಲ್ಲ, ಆ ದನಿಯಲ್ಲಿ ಒಂದು ಮೆಚ್ಚುಗೆ ಇತ್ತು. ನಮ್ಮ ಮದುವೆಯಾದಾಗಿನಿಂದ ಆ ದನಿಗೆ ನಾನು ಕಾದಿದ್ದೆ. "ಹೌದತ್ತೆ, ಕೈಹಾಕಿದ ಮೇಲೆ ಎಲ್ಲಾ ಒಟ್ಟಿಗೆ ಮಾಡಿಬಿಡೋಣ ಅಂತ" ಎಂದುಬಿಟ್ಟೆ.

"ಅಯ್ಯೋ ದೇವರೇ! ನಮ್ಮವರು ಕೂಡ ಗೇರ್ ಆಯಿಲಿಗೆ ಮಡಿಕೇರಿಗೆ ಹೋಗ್ತಿದ್ರು" ಎಂದು ಅತ್ತೆ ಬೆರಗಾದರು. ಅವರ ಮನೆಯವರು ಎಂದರೆ ನನ್ನ ಮಾವ, ಜೀಪಿನ ವಿಷಯದಲ್ಲಿ ಆ ಸೀಮೆಗೇ ಹೆಸರಾದವರು. ಅವರನ್ನು ಮೀರಿಸಿದ ಸಂತೋಷದಲ್ಲಿ ನಾನು ಬೋಲ್ಟು ಬಿಗಿದು, ಮೇಲೆ ಬಂದು, ಹೊಸ ಆಯಿಲ್ ಡಬ್ಬಿಯನ್ನು ಇಂಜಿನ್ನಿಗೆ ಪೂರ್ತಿ ಬಗ್ಗಿಸಿದೆ. ಫಿಲ್ಟರ್ ಎಲ್ಲಿದೆಯೆಂದು ಕಾಣಲಿಲ್ಲ. ಮುಂದಿನ ಸಲ ನೋಡೋಣ ಎಂದು ಬಿಟ್ಟೆ. ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತಿಗಿಂತ ತುಂಬಾ ಮೇಲಿತ್ತು. ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದು ಒಳ್ಳೆಯದಲ್ಲವೇ? ಕೈ ತೊಳೆದು, ಮಾದಾಪುರದ ಪೇಟೆಗೆ ಒಂದು ಸುತ್ತು ಹೋಗಿಬರೋಣವೆಂದು ಕಾರಿನಲ್ಲಿ ಕುಳಿತು ಕೀ ಹಾಕಿದೆ.

ಆಗ ಫೋನ್ ಬಂತು. ಪೂರ್ಣಿಮಾ.

"ಅಮ್ಮ ಫೋನ್ ಮಾಡಿದ್ರು. ನೀವು ಗೇರ್ ಆಯಿಲೂ ಇಳಿಸಿದ್ರಂತೆ?"

"ಅವರು ಹಾಗೆ ತಿಳ್ಕೊಂಡಿದ್ದಾರೆ. ನಾನು ಮಾಡಿದ್ದು ಇಂಜಿನ್ ಆಯಿಲ್ ಅಷ್ಟೇ. ಮುಗೀತು. ಈಗ ಸ್ಟಾರ್ಟ್..."

"ಬಿದ್ದ ಎಣ್ಣೆ ಯಾವ ಬಣ್ಣ ಇತ್ತು?"

"ಜೇನಿನ ಬಣ್ಣ" ಎಂದೆ ಹೆಮ್ಮೆಯಿಂದ.

ಆ ಕಡೆ ಅವಳು ಪಿಕಪ್ಪು ನಿಲ್ಲಿಸಲು ಹೇಳಿದ್ದು ಕೇಳಿಸಿತು. ಆಮೇಲೆ ಅವಳು ಬಹಳ ಮೆಲ್ಲಗೆ, ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸುವ ಹಾಗೆ, "ಕೀ ತೆಗೀರಿ. ಕಾರಿಂದ ಇಳೀರಿ. ಅಮ್ಮನ ಪಕ್ಕ ಹೋಗಿ ಕೂತ್ಕೊಳ್ಳಿ. ನಾನು ಬರೋವರೆಗೂ ಏನೂ ಮುಟ್ಟಬೇಡಿ" ಎಂದಳು.

ಅತ್ತೆಯ ಪಕ್ಕ ಕುಳಿತೆ. ಇಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು. ನಾನು ಬಿಚ್ಚಿದ್ದು ಗೇರ್ ಬಾಕ್ಸಿನ ಬೋಲ್ಟು. ಗೇರ್ ಬಾಕ್ಸ್ ಈಗ ಒಣ ಬಾವಿ, ಇಂಜಿನ್ನಿಗೆ ಎರಡು ಪಾಲು ಎಣ್ಣೆ. ಹಾಗೇ ಹೊರಟಿದ್ದರೆ ಮೈಸೂರು ಬಿಡಿ, ಕುಶಾಲನಗರ ಮುಟ್ಟುವ ಮೊದಲೇ ಗೇರುಗಳು ಒಂದನ್ನೊಂದು ಕಡಿದುಕೊಂಡು ಸಾಯುತ್ತಿದ್ದವು. ಅತ್ತೆ ಮಾತ್ರ ಮೊಗದಲ್ಲಿ ನಗು ತುಂಬಿಕೊಂಡು, "ನಾಳೆ ಕಣ್ಣು ಬಿಟ್ಟಾಗ ಮೊದಲು ಮಗಳನ್ನ ನೋಡಬೇಕು, ಆಮೇಲೆ ನಿಮ್ಮನ್ನ. ಎಷ್ಟು ಕಾಲ ಆಯ್ತು ಮುಖ ನೋಡದೆ" ಎಂದರು. ನಾನು ಹೂಂ ಎಂದೆ. ಅಷ್ಟು ಸಣ್ಣ ಹೂಂ ನನ್ನ ಬಾಯಿಂದ ಹಿಂದೆಂದೂ ಬಂದದ್ದಿಲ್ಲ.

ಸಂಜೆಗೆ ಪೂರ್ಣಿಮಾ ಬಂದಳು. ಬೈಯುತ್ತಾಳೆಂದು ಕಾದೆ. ಬೈಯುವುದಕ್ಕೆ ಹೊತ್ತಿಲ್ಲ ಎನ್ನುವ ಹಾಗೆ ಸೆರಗು ಬಿಗಿದು, ಬೇಸಿನ್ನಿನ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿ, ಒಮ್ಮೆ ನನ್ನನ್ನು ನೋಡಿ ಕಾರಿನ ಕೆಳಗೆ ಹೋದಳು. ದಾರಿಯಲ್ಲೇ ಅವಳು ಸೋಮವಾರಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಹಂಸ ಕಾಕನಿಗೆ ಫೋನ್ ಮಾಡಿದ್ದಳಂತೆ. ಗೇರ್ ಆಯಿಲೂ ಇನ್ನೊಂದು ಡಬ್ಬಿ ಇಂಜಿನ್ ಆಯಿಲೂ ಸಂಜೆಯ ಬಸ್ಸಿನಲ್ಲಿ ಬರುತ್ತವೆ, ಹೋಗಿ ಇಸ್ಕೊಂಡು ಬನ್ನಿ ಎಂದಳು. ನಾನು ಓಡಿದೆ. ಕಂಡಕ್ಟರ್ ಕಿಟಕಿಯಿಂದ ಚೀಲ ಚಾಚುತ್ತಾ, "ಗೇರ್ ಆಯಿಲ್ ಅರ್ಜೆಂಟ್ ಅಂತೆ. ಯಾವನೋ ತಪ್ಪು ಬೋಲ್ಟ್ ಬಿಚ್ಚಿದ್ದಾನಂತೆ, ಕಾಕ ಹೇಳಿದ್ರು" ಎಂದ. "ಹೌದು, ಎಂಥೆಂಥವರಿರುತ್ತಾರೆ" ಎಂದು ಚೀಲ ತೆಗೆದುಕೊಂಡೆ.

ಆ ಸಂಜೆ ನಾನು ನೋಡಿದ್ದನ್ನು ಯಾವ ಗಾಜಿನ ಗೋಡೆಯ ಹಿಂದೆಯೂ ನೋಡಿರಲಿಲ್ಲ. ಮೊದಲು ಇಂಜಿನ್ನಿನ ನಿಜವಾದ ಬೋಲ್ಟ್ ಬಿಚ್ಚಿ, ಹಳೆಯದೂ ಹೊಸದೂ ಬೆರೆತ ಎಣ್ಣೆಯನ್ನು ಒಂದು ಹನಿ ನೆಲಕ್ಕೆ ಬೀಳದ ಹಾಗೆ ಇಳಿಸಿದಳು. ಚರಂಡಿಯ ನೀರು ಸಸಿಗಳ ಬುಡಕ್ಕೆ ಹೋಗುತ್ತದಲ್ಲ. ಅದನ್ನೆಲ್ಲ ಕ್ಯಾನಿಗೆ ತುಂಬಿ ವರ್ಕ್‌ಶಾಪಿಗೆ ಕೊಡಲೆಂದು ಬದಿಗಿಟ್ಟಳು. ನನ್ನ ಕಣ್ಣಿಗೆ ಬೀಳದ ಫಿಲ್ಟರ್ ಅವಳ ಕೈಗೆ ತಾನಾಗಿ ಬಂತು. ಗೇರ್ ಬಾಕ್ಸಿನ ಬದಿಯ ಇನ್ನೊಂದು ಬೋಲ್ಟ್ ಬಿಚ್ಚಿ, ಟ್ಯೂಬು ಆಲಿಕೆ ಹಿಡಿದು ಎಣ್ಣೆ ಬಿಟ್ಟಳು. "ಈ ತೂತಿಂದ ವಾಪಸ್ ತೊಟ್ಟಿಕ್ಕಿದ್ರೆ ತುಂಬಿದೆ ಅಂತ ಅರ್ಥ. ಇನ್ನೊಂದು, ತುಂಬೋ ಬೋಲ್ಟ್ ಬಿಚ್ಚೋಕೆ ಬರುತ್ತೆ ಅಂತ ಖಾತ್ರಿ ಮಾಡ್ಕೊಳ್ಳದೆ, ಇಳಿಸೋ ಬೋಲ್ಟ್ ಮುಟ್ಟಬಾರದು" ಎಂದಳು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಕೆನ್ನೆಯ ಮೇಲೆ ಎಣ್ಣೆಯ ಗೆರೆ, ಕೂದಲಲ್ಲಿ ಒಂದು ಒಣ ಎಲೆ, ಬೋಲ್ಟ್ ಬಿಗಿಯುವಾಗ ತುಟಿ ಕಚ್ಚಿಕೊಂಡ ಬಗೆ. ಇಷ್ಟು ವರ್ಷ ಇವಳ ಜೊತೆ ಬಾಳಿ, ಇವಳನ್ನು ಬಿಟ್ಟು ಸಾಯಂಕಾಲದ ತನಕ ಸರ್ವಿಸ್ ಸೆಂಟರಿನ ಸೋಫಾದ ಮೇಲೆ ಕೂರಲು ಹೋಗುತ್ತಿದ್ದೆನಲ್ಲ ಎನ್ನಿಸಿತು. ಹಾಗೆಂದು ಹೇಳಲು ಬಾಯಿ ತೆರೆದೆ. "ಆ ಹದಿನಾಲ್ಕರ ಸ್ಪ್ಯಾನರ್ ಕೊಡಿ" ಎಂದಳು. ನಾನು ಹನ್ನೆರಡರದ್ದು ಕೊಟ್ಟೆ.

ಕಾರು ಸ್ಟಾರ್ಟ್ ಆಯಿತು. ಅತ್ತೆ ಜಗಲಿಯಿಂದಲೇ ಕಿವಿಗೊಟ್ಟು, "ಭಾರಿ ಒಳ್ಳೇ ಸದ್ದು. ಮಾಷ್ಟ್ರ ಕೈ ಬಿದ್ದಿದ್ದಲ್ವಾ" ಎಂದರು. ನಾನು ಪೂರ್ಣಿಮಾಳ ಮುಖ ನೋಡಿದೆ. ಅವಳು "ಹೌದಮ್ಮ" ಎಂದು ಕೈ ತೊಳೆಯಲು ಹೋದಳು. ಅವಳು ಮಾಡಿದ ರಿಪೇರಿಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ಮರುದಿನ ಮೈಸೂರಿಗೆ ಹೋದೆವು. ಗೇರ್ ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ ಬೀಳುತ್ತಿತ್ತು. ಅತ್ತೆಗೆ ವಾಂತಿಯಾಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು, ಕೆಲವು ವಾರ ಬಿಟ್ಟು ಇನ್ನೊಂದು ಕಣ್ಣಿನದೂ ಆಯಿತು. ಆದರೆ ಅಷ್ಟರೊಳಗೆ ಅತ್ತೆ ಫೋನಿನಲ್ಲಿ ಭಾಗಮಂಡಲದ ಕಡೆಯ ನೆಂಟರಿಗೆಲ್ಲ ಅಳಿಯನ ಗೇರ್ ಆಯಿಲ್ ಪ್ರತಾಪವನ್ನು ವರ್ಣಿಸಿ ಮುಗಿಸಿದ್ದರು. ಮೊನ್ನೆ ಭಾನುವಾರ ಅತ್ತೆಯ ತಮ್ಮ ಒಂದು ಹಳೇ ಜೀಪನ್ನೇ ಏರಿಕೊಂಡು ಬಂದುಬಿಟ್ಟರು. "ಮಾಷ್ಟ್ರೇ, ನೀವೇ ಒಮ್ಮೆ ಕೈಯಾಡಿಸಬೇಕು" ಎಂದರು.

ನಾನು ಜೀಪಿನ ಸುತ್ತ ಒಂದು ಬಾರಿ ನಡೆದು, ಟೈರು ಒತ್ತಿ ನೋಡಿ, ಗಂಭೀರವಾಗಿ ತಲೆಯಾಡಿಸಿದೆ. ಅಷ್ಟು ಹೊತ್ತಿಗೆ ಪೂರ್ಣಿಮಾ ಸ್ಪ್ಯಾನರುಗಳ ಜೊತೆ ಜೀಪಿನ ಕೆಳಗೆ ಸೇರಿದ್ದಳು. "ಈಗೀಗ ಸಣ್ಣಪುಟ್ಟ ಕೆಲಸವೆಲ್ಲ ಅವಳಿಗೇ ಬಿಟ್ಟಿದ್ದೇನೆ" ಎಂದು ಅತ್ತೆಯ ತಮ್ಮನಿಗೆ ವಿವರಿಸಿದೆ. ಜೀಪಿನ ಕೆಳಗಿನಿಂದ ಕೆಮ್ಮೋ ನಗುವೋ ಒಂದು ಕೇಳಿಸಿತು.

ಅತ್ತೆ ಜಗಲಿಯಿಂದ ಇಳಿದು ಹತ್ತಿರ ಬಂದರು. ಕೆಳಗಿನಿಂದ ಚಾಚಿದ್ದ ಮಗಳ ಮೊಣಕೈವರೆಗಿನ ಕಪ್ಪು ಕೈಯನ್ನು ನೋಡಿದರು. ಆಮೇಲೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ನನ್ನ ಕೈಗಳನ್ನು ನಿಧಾನವಾಗಿ ಮುಂದಕ್ಕೆ ಎಳೆದು, ಬಿಳೀ ಉಗುರುಗಳನ್ನು ಒಂದೊಂದಾಗಿ ನೋಡಿದರು.

"ಈಗ ಎಲ್ಲಾ ಸರಿಯಾಗಿ ಕಾಣ್ತಾ ಉಟ್ಟು ಮಾಷ್ಟ್ರೇ" ಎಂದರು.

ಆ ಡಾಕ್ಟರ ಕೈಗುಣ ನಿಜಕ್ಕೂ ದೊಡ್ಡದು ಎಂದು ಹೇಳಿ, ನಾನು ಎಲ್ಲರಿಗೂ ಕಾಫಿ ಮಾಡಲು ಒಳಗೆ ಹೋದೆ.