ಚರ್ಮದ ಡಾಕ್ಟರು ಮೇಷ್ಟ್ರಾದದ್ದು

ಔಷಧಿ ಅಂಗಡಿಯಲ್ಲಿ ಕೂತವನು ನಗಬೇಕಾದರೆ ನಾಟಕದ ಕಂಪನಿ ಊರಿಗೆ ಬರಲೆಂದು ಕಾಯಬೇಕಾಗಿಲ್ಲ; ಗಿರಾಕಿಗಳೇ ದಿನಕ್ಕೊಂದು ಪ್ರವೇಶ ಆಡಿ ಹೋಗುತ್ತಾರೆ. ನಯಾಪೈಸೆ ಬಂದ ಹೊಸತರಲ್ಲಿ, ಹಾಸನದ ನನ್ನ ಅಂಗಡಿಯ ಪಕ್ಕದ ಕೋಣೆಗೆ ಚಿಕ್ಕ ವಯಸ್ಸಿನ ಚರ್ಮದ ಡಾಕ್ಟರೊಬ್ಬರು ಬಂದಮೇಲಂತೂ ದಿನಾ ಎರಡಾಟ. ಅವರು ಬರೆದ ಮುಲಾಮು ನನ್ನಲ್ಲೇ ಖರ್ಚಾಗಲಿ ಎಂದೇ ಕೋಣೆ ಕೊಟ್ಟವನು ನಾನು. ಆದರೆ ಅವರಿಗೆ ಪಾಠ ಮಾಡುವ ಚಾಳಿ. ಮೈಸೂರಿನಿಂದ ಅವರ ಪ್ರೊಫೆಸರು ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು: "ಕಾಲೇಜಿಗೆ ಬಂದುಬಿಡಪ್ಪ. ಚರ್ಮದ ವಿಷಯ ಕಲಿಸೋಕೆ ಜನವೇ ಇಲ್ಲ." ಡಾಕ್ಟರು ಓದಿ, ನಿಟ್ಟುಸಿರು ಬಿಟ್ಟು, ಕಾಗದ ಜೇಬಿಗಿಡುವರು. ಮನಸ್ಸೆಲ್ಲ ಅಲ್ಲಿ; ಹೋಗಲು ಧೈರ್ಯ ಸಾಲದು.

1. ಯಾರಿಗೆ ತುರಿಕೆ?

ಬೋರ್ಡಿನಲ್ಲಿ 'ಚರ್ಮ ಮತ್ತು ಗುಹ್ಯರೋಗ ತಜ್ಞರು' ಎಂದು ಬರೆಸಿದ್ದೇ ತಪ್ಪಾಯಿತು. ಮೊದಲನೆಯದಕ್ಕೆ ಬಂದವನನ್ನೂ ಊರು ಎರಡನೆಯದಕ್ಕೆ ಸೇರಿಸುತ್ತಿತ್ತು. ಹೀಗಾಗಿ ಹೊರಗಿನ ಬೆಂಚಿನ ಮೇಲೆ ಒಂದು ನರಪಿಳ್ಳೆಯೂ ಕೂರುತ್ತಿರಲಿಲ್ಲ. ಎಲ್ಲರೂ ನನ್ನ ಅಂಗಡಿಗೆ ಬಂದು, ಸೋಪು ಮೂಸಿ ನೋಡಿ, ಬೀದಿ ಖಾಲಿಯಾದಾಗ ಒಳಬಾಗಿಲಿನಿಂದ ನುಸುಳುವರು.

ಹೊಳೆನರಸೀಪುರದ ಹೆಡ್ಮಾಸ್ತರೊಬ್ಬರು ಒಮ್ಮೆ ಹಾಗೆ ಸೋಪು ಮೂಸುತ್ತಿದ್ದಾಗ ಅವರ ಬೀಗರೇ ಒಳಗೆ ಬಂದುಬಿಟ್ಟರು.

"ಏನು ಬೀಗ್ರೇ, ಇಲ್ಲಿ?"

"ಸ್ವಲ್ಪ ಕೆಮ್ಮು. ತಾವು?"

"ನನಗೂ ಅದೇ. ಕೆಮ್ಮು."

ನಂಬಿಕೆ ಬರಲೆಂದು ಇಬ್ಬರೂ ಕೆಮ್ಮತೊಡಗಿದರು. ನಾನು ಒಂದೊಂದು ಬಾಟಲಿ ಕೆಮ್ಮಿನ ಔಷಧಿ ಕಟ್ಟಿಕೊಟ್ಟೆ. ಬೇಡ ಅನ್ನುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಅಷ್ಟರಲ್ಲಿ ಡಾಕ್ಟರು ಒಳಬಾಗಿಲು ತೆಗೆದು, "ತುರಿಕೆ ಅಂತ ಹೇಳಿಕಳಿಸಿದ್ದು ಯಾರು?" ಎಂದರು.

ಬೀಗರಿಬ್ಬರೂ ಒಟ್ಟಿಗೇ ನನ್ನ ಕಡೆ ಕೈ ತೋರಿಸಿದರು.

2. ಮನೆಯವರಿಗೆಲ್ಲ

ಅರಕಲಗೂಡಿನ ಕಡೆಯ ರೈತನೊಬ್ಬ ಕಜ್ಜಿ ಹತ್ತಿಸಿಕೊಂಡು ಬಂದ. ಬೇರೆ ಡಾಕ್ಟರಾಗಿದ್ದರೆ ಚೀಟಿ ಬರೆದು ಕಳಿಸುತ್ತಿದ್ದರು. ನಮ್ಮವರು ನನ್ನ ಪೊಟ್ಟಣ ಕಟ್ಟುವ ಕಾಗದ ಎಳೆದುಕೊಂಡು, ಕಣ್ಣಿಗೆ ಕಾಣದ ಹುಳವನ್ನು ಹೆಗ್ಗಣದಷ್ಟು ದೊಡ್ಡದಾಗಿ ಬರೆದು, ಅದು ಚರ್ಮದೊಳಗೆ ಹೇಗೆ ಬಿಲ ತೋಡುತ್ತದೆಂದು ಅರ್ಧ ಗಂಟೆ ವಿವರಿಸಿದರು. "ಒಬ್ಬನಿಗೆ ಹಚ್ಚಿದರೆ ಸಾಲದು. ಮನೆಯಲ್ಲಿ ಇರೋರಿಗೆಲ್ಲ ಗಂಧಕದ ಮುಲಾಮು ಹಚ್ಚಬೇಕು."

ಮರುವಾರ ಆತ ಮತ್ತೆ ಬಂದ. "ಮುಲಾಮು ಸಾಲ್ಲಿಲ್ಲ ಸಾ."

"ಅಷ್ಟು ಕೊಟ್ಟಿದ್ದೆನಲ್ಲಪ್ಪ?" ಎಂದೆ ನಾನು.

"ಎತ್ಗಳೇ ಅರ್ಧ ತಿಂದಾಕ್ಬುಟ್ವು ಸಾ, ಮೈ ದೊಡ್ದು. ನಡುಮನೆ ಪಕ್ಕದಲ್ಲೇ ಕಟ್ಟಾಕ್ತೀವಲ್ಲಾ, ಅವೂ ಮನೇವೇ ತಾನೆ? ಅಚ್ಬುಟ್ಟೆ. ಆಮೇಲೆ ಮಗಳ್ನ ನೋಡಕ್ಕೆ ಗಂಡಿನ ಕಡೇರು ಬಂದಿದ್ರು, ಆವತ್ತು ನಮ್ಮನೇಲೇ ಉಳಕಂಡ್ರು. ಅವ್ರನ್ನೂ ಸಾಲಾಗಿ ಕೂರ್ಸಿ ಅಚ್ಬುಟ್ಟೆ ಕಣಿ."

ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ! ಸಂಬಂಧ ಮುರಿದುಬಿತ್ತಾ?"

"ಏ, ಎಲ್ಲಿ ಸಾ! ಅವ್ರಿಗೂ ಆರು ತಿಂಗಳಿಂದ ಕೆರ್ತ ಇತ್ತಂತೆ, ವಾಸಿಯಾಯ್ತಂತೆ. ಹೆಣ್ಣಿನ ಮುಖಾನೂ ಸರ್ಯಾಗಿ ನೋಡ್ದಂಗೆ ಒಪ್ಕಂಡೋದ್ರು."

3. ಬಿತ್ತನೆ ಗೆಡ್ಡೆ

ಡಾಕ್ಟರು ಮೈಸೂರಿಗೆ ಹೋಗದಿರಲು ಕಾರಣ ಅವರ ಮಾವ, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರು. ಒಂದು ದಿನ ನೇರ ನನ್ನ ಅಂಗಡಿಗೇ ಬಂದರು.

"ಶೆಟ್ರೇ, ನೀವಾದ್ರೂ ಬುದ್ಧಿ ಹೇಳಿ. ಮೇಷ್ಟ್ರಿಗೆ ಹೆಣ್ಣು ಕೊಡೋದಾಗಿದ್ರೆ ನಮ್ಮ ಬೀದೀಲೇ ನಾಲ್ಕು ಜನ ಇದ್ರು. ನಾನು ಕೊಟ್ಟಿದ್ದು ಡಾಕ್ಟರಿಗೆ!"

"ಸ್ವಾಮಿ, ಮುಂಗಾರಿನಲ್ಲಿ ನಮ್ಮ ರೈತರು ಬಿತ್ತನೆ ಆಲೂಗೆಡ್ಡೆ ತರ್ತಾರೆ. ಗುಂಡಗೆ ಚೆನ್ನಾಗಿದೆ ಅಂತ ಅದನ್ನೇ ಸಾರಿಗೆ ಹಾಕಿಬಿಡ್ತಾರಾ? ನಿಮ್ಮ ಅಳಿಯಂದಿರು ಬಿತ್ತನೆ ಗೆಡ್ಡೆ. ಇಲ್ಲಿದ್ದರೆ ಹಾಸನಕ್ಕೊಬ್ಬರೇ ಡಾಕ್ಟರು. ಅಲ್ಲಿ ಕಲಿಸಿದರೆ ಅರಕಲಗೂಡಿಗೊಬ್ಬ, ನಿಮ್ಮೂರಿಗೊಬ್ಬ ಎದ್ದು ಬರ್ತಾನೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವರು ಹೋದ್ರೆ ನಿಮ್ಮ ಮುಲಾಮಿಗೆ ನಷ್ಟ ಅಲ್ವೇನ್ರೀ?"

"ಯಾವ ಮುಲಾಮು ಸ್ವಾಮಿ? ಇವರ ಪಾಠ ಮುಗಿದು ಚೀಟಿ ಕೈಗೆ ಬರೋದರೊಳಗೆ ನಾನು ಬಾಗಿಲು ಹಾಕಿಕೊಂಡು ಮನೆ ಸೇರಿರ್ತೀನಿ!"

4. ಮಾವನವರ ಸಿಂಹ

ಕಡೆಗೆ ಪ್ರೊಫೆಸರೇ ಬಸ್ಸು ಹತ್ತಿ ಬಂದರು, ಶಿಷ್ಯನನ್ನು ಕರೆದೊಯ್ಯಲು. ಸುದ್ದಿ ತಿಳಿದು ಮಾವನವರೂ ಬಂದರು, ತಡೆಯಲು. ಚಿಕ್ಕ ಕೋಣೆ, ಬಾಗಿಲಲ್ಲಿ ನಾನು, ನನ್ನ ಹಿಂದೆ ಸೋಪು ಮೂಸುತ್ತಿದ್ದ ಆರೇಳು ಜನ.

"ನನ್ನ ಅಳಿಯನಂಥ ಕೈಗುಣ ಈ ಜಿಲ್ಲೇಲೇ ಇಲ್ಲ," ಎಂದು ಮಾವ ಶುರುಮಾಡಿದರು. "ಜನರನ್ನ ಬಿಟ್ಟು ಕಪ್ಪು ಹಲಗೆ ಮುಂದೆ ನಿಲ್ಲೋದಾ?"

ಪ್ರೊಫೆಸರು ಅವರ ಮಾತಿಗಿಂತ ಅವರ ಎಡಗೈಯನ್ನೇ ನೋಡುತ್ತಿದ್ದರು. "ಅದೇನು, ಕೈನ ಪಕ್ಕೆಗೆ ತಾಗಿಸದೆ ಎತ್ತಿ ಹಿಡಿದಿದ್ದೀರಿ?"

"ಏನಿಲ್ಲ, ಸೆಕೆ."

"ಸ್ವಲ್ಪ ಅಂಗಿ ಎತ್ತಿ."

"ಬೇಡಿ ಸ್ವಾಮಿ!"

ಪ್ರೊಫೆಸರು ಎತ್ತಿಯೇಬಿಟ್ಟರು. ಎಡಪಕ್ಕೆಯ ತುಂಬ ಕೆಮ್ಮಣ್ಣು. ಅದರಲ್ಲೊಂದು ಸಿಂಹ, ಸುಮಾರಾಗಿ ಬೆಕ್ಕಿನ ಹಾಗೆ. ಸರ್ಪಸುತ್ತು ಎದ್ದಿತ್ತು. ಸಿಂಹ ಬರೆದರೆ ಸರ್ಪ ಹೆದರಿ ಓಡುತ್ತದೆಂದು, ಕೈಗುಣದ ಅಳಿಯನನ್ನು ಹಾಸನದಲ್ಲಿಟ್ಟುಕೊಂಡು, ಇವರು ಶಾಂತಿಗ್ರಾಮದ ಅಜ್ಜಿಯ ಹತ್ತಿರ ಬರೆಸಿಕೊಂಡು ಬಂದಿದ್ದರು!

ಬೈಗುಳ ಬೀಳುತ್ತದೆಂದುಕೊಂಡೆ. ಅಳಿಯಂದಿರ ಕಣ್ಣು ಮಾತ್ರ ದೀಪಾವಳಿಯ ಹಾಗೆ ಹೊಳೆಯುತ್ತಿತ್ತು. "ಮಾವ, ಅಲ್ಲಾಡಬೇಡಿ!" ಎಂದವರೇ ಸೋಪಿನವರನ್ನೆಲ್ಲ ಒಳಗೆ ಕರೆದು, ನನ್ನ ಅಡಿಕೋಲು ಕಸಿದುಕೊಂಡು ಸಿಂಹದ ಬಾಲದಿಂದಲೇ ಪಾಠ ತೆಗೆದರು.

ಮಾವ ಸಣ್ಣ ದನಿಯಲ್ಲಿ ಕೇಳಿದರು: "ಅಳಿಯಂದ್ರೇ, ಅಜ್ಜಿ ಹೇಳಿದ್ಲು, ಸರ್ಪದ ತಲೆ ಬಾಲ ಕೂಡಿದ್ರೆ ಪ್ರಾಣ ಹೋಯ್ತದೆ ಅಂತ. ಕೂಡ್ತದಾ?"

"ಇದು ಒಂದು ನರದ ದಾರಿ ಮಾವ. ಆ ನರ ಬೆನ್ನಿನ ನಡುವೆ ಹುಟ್ಟಿ ಎದೆಯ ನಡುವೆ ನಿಲ್ಲುತ್ತೆ. ಆಚೆ ಪಕ್ಕೆಗೆ ದಾರಿಯೇ ಇಲ್ಲ. ಕೂಡೋದು ಹೇಗೆ?"

ಹತ್ತು ದಿನದಿಂದ ಹಿಡಿದಿದ್ದ ಉಸಿರನ್ನು ಮಾವನವರು ಈಗ ಬಿಟ್ಟರು. ಸೋಪಿನವರು ಚಪ್ಪಾಳೆ ತಟ್ಟಿದರು. ಉತ್ಸಾಹ ಏರಿದ ಅಳಿಯಂದಿರು, "ಈಗ ಎಲ್ಲರೂ ಒಬ್ಬೊಬ್ಬರಾಗಿ ಹತ್ತಿರ ಬಂದು ನೋಡಿ," ಎಂದರು. ಎಲ್ಲರೂ ನೋಡಿದರು. ಕಾಗದ ಕೊಡಲು ಬಂದಿದ್ದ ಅಂಚೆಯವನು ಎರಡು ಸಲ ನೋಡಿದ.

ಮಾವನವರು ಅಂಗಿ ಇಳಿಸಿಕೊಂಡು, ಪ್ರೊಫೆಸರ ಎರಡೂ ಕೈ ಹಿಡಿದುಕೊಂಡರು:

"ಸ್ವಾಮಿ, ಇವತ್ತಿನ ಬಸ್ಸಿಗೇ ಇವರನ್ನ ಕರ್ಕೊಂಡು ಹೋಗಿಬಿಡಿ. ಅಲ್ಲಾದ್ರೆ ಪಾಠ ಮಾಡೋಕೆ ಬೇರೆಯೋರ ಮೈ ಸಿಗ್ತದೆ!"