ಮಾವನ ಅಂಗೈ ಮತ್ತು ಅತ್ತೆಯ ಬೈಗುಳ

ನಮ್ಮ ಸೋದರಮಾವನಿಗೆ ಹೆಂಡತಿಯ ಮನಸ್ಸಿಗಿಂತ ಬಂಡೆಯ ಮನಸ್ಸು ಚೆನ್ನಾಗಿ ಗೊತ್ತು. ಇದನ್ನು ನನ್ನ ತಲೆಗೆ ಕಟ್ಟಬೇಡಿ. ನನ್ನಿವಾಳದ ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಕೊಡುವ ದೂರು ಇದು!

ಮಾವ ಬೋರ್ ಲಾರಿಯವನು. ಚಳ್ಳಕೆರೆಯಿಂದ ಮೊಳಕಾಲ್ಮುರುವರೆಗೆ ಅವನು ತೂತು ಕೊರೆಯದ ಊರಿಲ್ಲ. ಅವನ ವೇದಾಂತವೆಲ್ಲ ಭಾರ, ಸುತ್ತು, ಗಾಳಿಯಲ್ಲಿ ಮುಗಿಯುತ್ತದೆ. ಬಂಡೆ ಕೊರೆಯುವ ಬಿಟ್ ಮೇಲೆ ಭಾರ ಹೆಚ್ಚಾದರೆ ಅದರ ಹಲ್ಲು ಸವೆಯುತ್ತದೆ, ಕಡಿಮೆಯಾದರೆ ಬಂಡೆಗೆ ಬರೀ ಪಾಲಿಶ್! ಸುತ್ತು ಬಂಡೆಯ ಗಡಸಿಗೆ ಹೊಂದಬೇಕು. ಗಾಳಿ ಸಾಲದಿದ್ದರೆ ಪುಡಿ ಮೇಲೆ ಬರದೆ, ಅರೆದದ್ದನ್ನೇ ಅರೆಯುತ್ತ ಕೂರಬೇಕು. ಇಷ್ಟನ್ನು ಬಂಡೆಗೇ ಬಿಟ್ಟಿದ್ದರೆ ಆಗುತ್ತಿತ್ತು, ಪುಣ್ಯಾತ್ಮ ಅಡುಗೆಮನೆಗೂ ತಂದ.

ಅತ್ತೆ ಮುದ್ದೆ ತಿರುವುವಾಗ ಹಿಂದೆ ನಿಂತು, "ಭಾರ ಇಳ್ಸು, ಸುತ್ತು ಏರ್ಸು" ಎನ್ನುತ್ತಿದ್ದ.

"ತಗಳ್ರಿ ಕೋಲು, ನೀವೇ ಕೊರೀರಿ!"

ಮಾವ ಕೊರೆದ. ಅವತ್ತಿನ ಮುದ್ದೆಯ ಗಂಟು ಒಡೆಯಲು ಲಾರಿಯನ್ನೇ ಕರೆಸಬೇಕಿತ್ತು!

ಚಳ್ಳಕೆರೆಯ ಹಲ್ಲಿನ ಡಾಕ್ಟರಿಗೂ ಉಪದೇಶ ತಪ್ಪಲಿಲ್ಲ. "ಒತ್ತಬ್ಯಾಡ್ರಿ ಡಾಕ್ಟ್ರೇ, ಮೊದ್ಲು ಪುಡಿ ಊದಿ ತೆಗೀರಿ." ಡಾಕ್ಟರು ಮಿಷನ್ ಕೆಳಗಿಟ್ಟು, "ಇಲ್ಲಿ ನೀರು ಬೀಳಲ್ಲ ಯಜಮಾನ್ರೇ, ಸುಮ್ನೆ ಕೂತ್ಕಳ್ರಿ" ಎಂದರಂತೆ.

ಆದರೆ ಲಾರಿಯ ಸದ್ದು ಮಾವನ ಕಿವಿಯನ್ನೂ ಕೊರೆದಿತ್ತು. ಲಾರಿ ಬಿಡದಿದ್ದರೆ ಉಳಿದದ್ದೂ ಹೋಗುತ್ತದೆ ಎಂದು ಕಿವಿ ಡಾಕ್ಟರು ಹೇಳಿದರು. "ಬಂಡೆ ಮಾತು ಕೇಳಿದ್ದು ಸಾಕು, ನನ್ ಮಾತಿಗಾದ್ರೂ ಚೂರು ಕಿವಿ ಉಳಿಸ್ಕಳ್ರಿ" ಎಂದು ಅತ್ತೆ ಅತ್ತಳು.

"ಇದೊಂದು ಮುಗ್ಸಿ ಬಿಡ್ತೀನಿ" ಎಂದ ಮಾವ.

ಇದೊಂದು ಎಂದರೆ, ಉಳ್ಳಾರ್ತಿ ಕಾವಲ್ ಹತ್ತಿರ ಭೂಮಿಯೊಳಗಿನ ಬಿಸಿ ಅಳೆಯಲು ಕೊರೆಯುವ ಆಳದ ತೂತು. ನೀರು ಬೇಡದ ಬೋರು! ನೋಡಲು ನಾನೂ ಹೋಗಿದ್ದೆ. ಆಳಕ್ಕಿಳಿದಂತೆ ಬಂಡೆ ಗಡಸಾಗಿ ವೇಗ ಕುಸಿಯಿತು. ಜೊತೆಯವನು ಭಾರ ಏರಿಸಿದ, ವೇಗ ಇನ್ನೂ ಬಿತ್ತು. ಬಿಟ್ ಒಳಗೇ ಸಿಕ್ಕಿಕೊಂಡರೆ ತೂತೂ ಹೋಯಿತು, ಮಾವನ ಹೆಸರೂ ಹೋಯಿತು! ಮಾವ ಲಾರಿಯ ಕಂಬಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಿದ. ಕಂಪ್ಯೂಟರ್ ಮುಂದಿದ್ದ ಇಂಜಿನಿಯರಮ್ಮ "ಭಾರ ಇಳಿಸಿ, ಗಾಳಿ ಹೆಚ್ಚಿಸಿ!" ಎಂದು ಕೂಗುವುದಕ್ಕೂ ಮಾವ ಅದನ್ನೇ ಮಾಡುವುದಕ್ಕೂ ಸರಿಹೋಯಿತು. ಬೂದುಬಣ್ಣದ ಪುಡಿ ಭುಸ್ಸೆಂದು ಮೇಲೆ ಬಂತು, ರಾಡು ಸಲೀಸಾಗಿ ಇಳಿಯತೊಡಗಿತು.

"ಎಷ್ಟು ಬೇಗ ಮಾತು ಕೇಳಿದ್ರಿ!" ಎಂದು ಆಕೆ ಖುಷಿಪಟ್ಟರು. ಮಾವನಿಗೆ ಆ ಕೂಗು ಕೇಳಿಸಿಯೇ ಇರಲಿಲ್ಲ, ಕಂಬದ ನಡುಕದಲ್ಲಿ ಬಂಡೆಯ ಮಾತು ಕೇಳಿದ್ದು ಅಂಗೈಗೆ! ಇವನು ನಮ್ಮ ಮಾವ ಎಂದು ಅಲ್ಲಿದ್ದವರಿಗೆಲ್ಲ, ಯಾರೂ ಕೇಳದಿದ್ದರೂ, ಹೇಳಿಕೊಂಡು ಬಂದೆ.

ತೂತು ಮುಗಿಯಿತು. ಮಾವ ಕೊಟ್ಟ ಮಾತಿನಂತೆ ಲಾರಿ ಬಿಟ್ಟ, ಕಿವಿ ಮಾತ್ರ ಅಷ್ಟರವರೆಗೆ ಕಾಯಲಿಲ್ಲ. ಮೊನ್ನೆ ನಾನು ಹೋಗಿದ್ದಾಗ, ಊಟಕ್ಕೆ ಕರೆದೂ ಕರೆದೂ ಸೋತ ಅತ್ತೆ ಜಗಲಿಗೆ ಬಂದು ಬೈಯತೊಡಗಿದಳು. ಬೈಯುತ್ತಲೇ ಬೆನ್ನು ತಿರುಗಿಸಿ ಕೂತುಬಿಟ್ಟಳು. ಮಾವ ಎದ್ದು ಹೋಗಿ ಅವಳ ಬೆನ್ನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ.

"ಈಗ ಬೈಯಿ" ಎಂದ. "ಕೇಳ್ತೈತೆ."

ಅತ್ತೆಗೆ ಒಂದು ಬೈಗುಳವೂ ನೆನಪಾಗಲಿಲ್ಲ.